ತೂರಾಡುವ ಬೀಗಲ್ ಮರಿ: ಅದೇ ಜೋಡಿಯನ್ನು ಮತ್ತೆ ಕೂಡಿಸಬಹುದಾ?

ನಮಸ್ಕಾರ. ಐದು ಬೀಗಲ್ ನಾಯಿಮರಿಗಳಲ್ಲಿ ಒಂದು ಮಾತ್ರ ನಡೆಯಲು ಶುರುಮಾಡಿದ ದಿನದಿಂದ ತೂರಾಡುತ್ತಿದೆ, ಅದೇ ಜೋಡಿಯನ್ನು ಮತ್ತೆ ಕೂಡಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬೇಡ.

ನಮ್ಮ ಅಕ್ಕನ ಮನೆಯಲ್ಲೂ ಇಂಥದ್ದೇ ಮರಿ ಇತ್ತು. ಬಟ್ಟಲು ಹತ್ತಿರವಾದಷ್ಟೂ ತಲೆ ನಡುಗುವುದು ಜಾಸ್ತಿ. ಮೂತಿ ಅಂದಾಜು ತಪ್ಪಿ ಗಂಜಿಯೊಳಗೆ ಮುಳುಗುತ್ತಿತ್ತು. ಮುಂಗಾಲನ್ನು ತುಂಬಾ ಎತ್ತಿ ಧಪ್ ಅಂತ ಇಡುತ್ತಿತ್ತು. ಕಾಲಿನಲ್ಲಿ ಬಲವಿತ್ತು, ಹಿಡಿತ ಇರಲಿಲ್ಲ.

ಹಿಡಿತ ಕೊಡುವುದು ಕಿರುಮೆದುಳು. ಅಲ್ಲಿನ ಪರ್ಕಿಂಜಿ ಜೀವಕೋಶಗಳು ಸತ್ತರೆ ಹೀಗಾಗುತ್ತದೆ. ಬೀಗಲ್‌ಗಳಲ್ಲಿ ಇದಕ್ಕೆ ಕಾರಣವಾದ ಎಸ್‌ಪಿಟಿಬಿಎನ್2 ಜೀನ್ ದೋಷ 2012ರಲ್ಲಿ ಪತ್ತೆಯಾಯಿತು. ದೋಷ ಅಪ್ಪ, ಅಮ್ಮ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ. ಒಬ್ಬರಿಂದ ಬಂದರೆ ನಾಯಿ ಚೆನ್ನಾಗಿಯೇ ಇರುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಎರಡು ನಾಯಿಗಳು ಕೂಡಿದರೆ ಪ್ರತಿ ಮರಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 25.

ಆದರೂ ಇದೇ ಅಂತ ತೀರ್ಮಾನಿಸಬೇಡಿ. ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯಿಂದಲೂ ನಾಯಿ ತೂರಾಡಬಹುದು. ಮೊದಲು ಡಾಕ್ಟರಿಗೆ ತೋರಿಸಿ, ನಡೆಯುವ ವಿಡಿಯೊ ತೆಗೆದುಕೊಂಡು ಹೋಗಿ. ಕೆನ್ನೆಯ ಒಳಭಾಗದಿಂದ ಸ್ವಾಬ್ ತೆಗೆದು ಡಿಎನ್ಎ ಪರೀಕ್ಷೆ ಮಾಡಿಸಬಹುದು. ಮರಿಯ ಜೊತೆ ಅಪ್ಪ, ಅಮ್ಮನದ್ದೂ ಮಾಡಿಸಿ. ಮಿಕ್ಕ ನಾಲ್ಕು ಮರಿ ಕೊಡುವ ಮನೆಯವರಿಗೂ ವಿಷಯ ಹೇಳಿ.

ವಾಸಿಮಾಡುವ ಔಷಧಿ ಇಲ್ಲ. ಟೈಲ್ಸ್ ಮೇಲೆ ಗೋಣಿಚೀಲ ಹಾಸಿ, ಮೆಟ್ಟಿಲಿಗೆ ಅಡ್ಡ ಇಡಿ, ತಿನ್ನುವಾಗ ಎದೆಗೆ ಕೈ ಆನಿಸಿ ಹಿಡಿದುಕೊಳ್ಳಿ. ಪರೀಕ್ಷೆಯಲ್ಲಿ ಏನು ಬಂತು ಅಂತ ಖಂಡಿತ ಬರೆಯಿರಿ, ಕಾಯುತ್ತಿರುತ್ತೇನೆ.