ನಂಬಿಕೆ ಬಲವಾದ ಮೇಲೆ ವಿಧೇಯನಾಗೋಣ ಎಂದು ನಾನೂ ಕಾದಿದ್ದೆ

ದಿನಕ್ಕೆ ಒಂದು ಗಂಟೆ ಪ್ರಾರ್ಥಿಸುತ್ತೇನೆ, ವಾರಕ್ಕೊಮ್ಮೆ ಉಪವಾಸವಿರುತ್ತೇನೆ, ಆದರೂ ಒಳಗೆ ಒಣಗಿದಂತಿದೆ ಎಂದು ಬರೆದಿದ್ದೀರಿ. ಅದರ ಕೆಳಗೆ, ಒಂದು ವಿಷಯದಲ್ಲಿ ದೇವರು ನನ್ನಿಂದ ಏನನ್ನು ಬಯಸುತ್ತಾನೆಂಬುದು ಗೊತ್ತಿದೆ, ನಂಬಿಕೆ ಇನ್ನಷ್ಟು ದೃಢವಾದ ಮೇಲೆ ಅದನ್ನು ಮಾಡಬೇಕೆಂದಿದ್ದೇನೆ, ಅಲ್ಲಿಯವರೆಗೆ ನಂಬಿಕೆಯನ್ನು ಬಲಪಡಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಈ ಕೊನೆಯ ಮಾತನ್ನು ನಾನು ಮೂರು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಆಗ ನಾನು ನಮ್ಮ ಕ್ರೈಸ್ತ ಸಭೆಯ ಖಜಾಂಚಿಯಾಗಿದ್ದೆ. ಒಂಬತ್ತು ವರ್ಷಗಳಿಂದ ಆ ಕೆಲಸ ನನ್ನದೇ ಆಗಿತ್ತು. ಆರಾಧನೆ ಮುಗಿದ ಮೇಲೆ ನಾನೂ ಒಬ್ಬ ಯುವಕನೂ ಕೂತು ಕಾಣಿಕೆಯನ್ನು ಎಣಿಸಿ, ಪುಸ್ತಕದಲ್ಲಿ ಮೊತ್ತ ಬರೆದು ಇಬ್ಬರೂ ಸಹಿ ಹಾಕುತ್ತಿದ್ದೆವು. ಹಣದ ಚೀಲ ಆ ರಾತ್ರಿ ನನ್ನ ಮನೆಯಲ್ಲಿರುತ್ತಿತ್ತು. ಮರುದಿನ ಬೆಳಗ್ಗೆ ಚೀಲವನ್ನೂ ತುಂಬಿಸಿದ ಚಲನ್ನನ್ನೂ ಅವನಿಗೆ ಕೊಟ್ಟರೆ ಅವನು ಕೆಲಸಕ್ಕೆ ಹೋಗುವ ದಾರಿಯಲ್ಲಿ ಬ್ಯಾಂಕಿಗೆ ಕಟ್ಟುತ್ತಿದ್ದನು. ಮನೆಯಲ್ಲಿ ಕಾಯಿಲೆ ಬಿದ್ದು, ಸಂಬಳವೂ ತಡವಾದ ಒಂದು ತಿಂಗಳಲ್ಲಿ ನಾನು ಎರಡು ವಾರ ಆ ಚೀಲದಿಂದ ಹಣ ತೆಗೆದುಕೊಂಡು, ಉಳಿದ ಮೊತ್ತಕ್ಕೆ ಸರಿಯಾಗಿ ಚಲನ್ ಬರೆದೆ. ಸಾಲವೆಂದು ನನಗೆ ನಾನೇ ಹೇಳಿಕೊಂಡೆನಾದರೂ ಸಾಲವನ್ನು ಕೇಳಿ ಪಡೆಯುತ್ತಾರೆ. ನಾನು ಯಾರನ್ನೂ ಕೇಳಿರಲಿಲ್ಲ.

ಲೆಕ್ಕ ನೋಡುವಾಗ ಹಿರಿಯರಿಗೆ ವ್ಯತ್ಯಾಸ ಕಂಡಿತು. ನನ್ನನ್ನು ಕೇಳಿದಾಗ, ಎಣಿಕೆಯಲ್ಲೋ ಕಟ್ಟುವಲ್ಲೋ ಏನೋ ತಪ್ಪಾಗಿರಬೇಕು, ಹುಡುಕಿ ಹೇಳುತ್ತೇನೆ ಎಂದೆ. ಮುಂದಿನ ಎರಡೂವರೆ ತಿಂಗಳಲ್ಲಿ ಪೂರ್ತಿ ಹಣವನ್ನು ಹೆಸರಿಲ್ಲದ ಲಕೋಟೆಗಳಲ್ಲಿಟ್ಟು ಕಾಣಿಕೆಯ ಪೆಟ್ಟಿಗೆಗೆ ಹಾಕಿದೆ. ಒಂದು ರೂಪಾಯಿಯನ್ನೂ ಉಳಿಸಿಕೊಳ್ಳಲಿಲ್ಲ. ಅಲ್ಲಿಗೆ ದೇವರ ಎದುರಿನ ಲೆಕ್ಕ ಮುಗಿಯಿತೆಂದು ತಿಳಿದೆ. ಸಭಾಪಾಲಕರಿಗೆ ವಿಷಯ ತಿಳಿಸುವುದೊಂದು ಬಾಕಿಯಿದೆ, ಅದನ್ನು ಸ್ವಲ್ಪ ಆತ್ಮಿಕವಾಗಿ ಗಟ್ಟಿಯಾದ ಮೇಲೆ ಮಾಡುತ್ತೇನೆ ಎಂದುಕೊಂಡೆ.

ನಾನು ಮಾಡಿದ ದೊಡ್ಡ ತಪ್ಪು ಹಣ ತೆಗೆದದ್ದಲ್ಲ, ಹೀಗೆ ಅಂದುಕೊಂಡದ್ದು. ಇದನ್ನು ಬಿಡಿಸಿ ಹೇಳದಿದ್ದರೆ ನಿಮಗೆ ಬರೆದು ಪ್ರಯೋಜನವಿಲ್ಲ. ಹೆಸರಿಲ್ಲದ ಲಕೋಟೆಗಳು ಬರುವವರೆಗೆ ಅದು ಎಣಿಕೆಯ ತಪ್ಪಾಗಿರಬಹುದು ಎಂದು ನಂಬುವವರಿದ್ದರು. ಲಕೋಟೆಗಳು ಬಂದು, ಸೇರಿಸಿದ ಮೊತ್ತ ಕಳೆದುಹೋದ ಮೊತ್ತಕ್ಕೆ ಸರಿಹೊಂದಿದಾಗ, ಯಾರೋ ತೆಗೆದಿದ್ದರು, ಮನಸ್ಸಾಕ್ಷಿ ಚುಚ್ಚಿ ಹಿಂದಿರುಗಿಸಿದರು ಎಂಬುದು ಎಲ್ಲರಿಗೂ ಖಚಿತವಾಯಿತು. ಹಣ ಮುಟ್ಟುತ್ತಿದ್ದವರು ಇಬ್ಬರೇ. ಒಂಬತ್ತು ವರ್ಷದ ಖಜಾಂಚಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಆ ಯುವಕನನ್ನು ಯಾರೂ ಬಾಯಿಬಿಟ್ಟು ದೂರಲಿಲ್ಲ. ಬ್ಯಾಂಕಿಗೆ ಹೋಗುವ ಕೆಲಸವನ್ನು ಮಾತ್ರ ಬೇರೊಬ್ಬರಿಗೆ ವಹಿಸಿದರು. ಅವನು ಎರಡು ತಿಂಗಳು ಹಿಂದಿನ ಸಾಲಿನಲ್ಲಿ ಕೂತು ಹೋದನು, ಆಮೇಲೆ ಬರುವುದನ್ನೇ ನಿಲ್ಲಿಸಿದನು. ಒಪ್ಪಿಕೊಳ್ಳದೆ ಹಿಂದಿರುಗಿಸಿದ ಹಣವೇ ನಿರಪರಾಧಿಯೊಬ್ಬನ ವಿರುದ್ಧ ಸಾಕ್ಷಿಯಾಯಿತು. ಇದು ನನ್ನ ಕಣ್ಣೆದುರಿಗೇ ನಡೆಯಿತು. ನನಗೆ ಅರ್ಥವಾಗದೆ ಹೋದದ್ದೇನೂ ಇರಲಿಲ್ಲ.

ಆದರೆ ನಾನು ಒಂದು ದಿನವೂ ದೇವರಿಗೆ ‘ಆಗದು’ ಎಂದು ಹೇಳಲಿಲ್ಲ. ಇದನ್ನು ದಯವಿಟ್ಟು ಗಮನಿಸಿ, ಏಕೆಂದರೆ ನೀವೂ ಹೇಳಿಲ್ಲ. ಪ್ರತಿದಿನ ‘ಆಗಲಿ ಕರ್ತನೇ, ಸ್ವಲ್ಪ ಸಮಯ ಕೊಡು’ ಎಂದೇ ಹೇಳಿದೆ. ಮತ್ತಾಯನ ಸುವಾರ್ತೆಯ 21ನೆಯ ಅಧ್ಯಾಯದಲ್ಲಿ ಇಬ್ಬರು ಮಕ್ಕಳ ಸಾಮ್ಯವಿದೆ: ತೋಟಕ್ಕೆ ಹೋಗು ಎಂದು ತಂದೆ ಹೇಳಿದಾಗ ಒಬ್ಬನು ಹೋಗುವುದಿಲ್ಲವೆಂದು ಹೇಳಿ ಆಮೇಲೆ ಮನಸ್ಸು ಬದಲಾಯಿಸಿಕೊಂಡು ಹೋದನು, ಇನ್ನೊಬ್ಬನು ಹೋಗುತ್ತೇನೆಂದು ವಿನಯದಿಂದ ಹೇಳಿ ಹೋಗಲೇ ಇಲ್ಲ. ಎರಡನೆಯವನ ಉತ್ತರವು ಮರ್ಯಾದೆಯಿಂದ ಕೂಡಿತ್ತು, ಆದ್ದರಿಂದ ಅವನಿಗೆ ತನ್ನ ಅವಿಧೇಯತೆ ತಿಳಿಯುವುದೇ ಕಷ್ಟ. ನನಗೂ ಹಾಗೆಯೇ ಆಯಿತು.

ಬಾಕಿ ಉಳಿಸಿದ ಆ ಒಂದು ಕೆಲಸದ ಜಾಗದಲ್ಲಿ ನಾನು ಉಳಿದೆಲ್ಲವನ್ನೂ ತುಂಬಿದೆ. ಬೆಳಗಿನ ಪ್ರಾರ್ಥನೆ ಅರ್ಧ ಗಂಟೆಯಿಂದ ಒಂದೂವರೆ ಗಂಟೆಗೆ ಬಂತು. ದಶಮಾಂಶಕ್ಕಿಂತ ಹೆಚ್ಚು ಕೊಟ್ಟೆ. ಸತ್ಯವೇದದ 1,189 ಅಧ್ಯಾಯಗಳನ್ನು ಎರಡು ಬಾರಿ ಮೊದಲಿಂದ ಕೊನೆಯವರೆಗೆ ಓದಿ, ಓದಿದ ಪ್ರತಿಯೊಂದು ಅಧ್ಯಾಯಕ್ಕೂ ಗುರುತು ಹಾಕಿದೆ. ಯೌವನಸ್ಥರ ಕೂಟದಲ್ಲಿ ವಿಧೇಯತೆಯ ಬಗ್ಗೆ ನಾಲ್ಕು ವಾರ ಬೋಧಿಸಲು ನನ್ನನ್ನೇ ಕೇಳಿದರು, ಬೋಧಿಸಿದೆ. ಅರಸನಾದ ಸೌಲನು ಅಮಾಲೇಕ್ಯರ ಮೇಲೆ ಹೋಗಿ, ನಾಶಮಾಡಬೇಕಾದ ಕುರಿದನಗಳಲ್ಲಿ ಒಳ್ಳೆಯವುಗಳನ್ನು ಉಳಿಸಿಕೊಂಡು ಬಂದು, ಯೆಹೋವನ ಆಜ್ಞೆಯನ್ನು ನೆರವೇರಿಸಿದ್ದೇನೆ ಎಂದು ಪ್ರವಾದಿಯಾದ ಸಮುವೇಲನನ್ನು ಸ್ವಾಗತಿಸುತ್ತಾನಲ್ಲ, ಹಾಗಾದರೆ ನನಗೆ ಕೇಳಿಸುವ ಈ ಕುರಿಗಳ ಕೂಗೇನು ಎಂದು ಸಮುವೇಲನು ಕೇಳಿದಾಗ ಅವು ಯಜ್ಞಕ್ಕಾಗಿ ಉಳಿಸಿದವು ಎನ್ನುತ್ತಾನಲ್ಲ, ಆ ಭಾಗವನ್ನು ಕೂಡ ನಾನು ಬೋಧಿಸಿದೆ. ಯಜ್ಞಕ್ಕಿಂತ ಮಾತು ಕೇಳುವುದು ಉತ್ತಮ ಎಂಬ ವಾಕ್ಯವನ್ನು ಅವರಿಂದ ಬಾಯಿಪಾಠ ಮಾಡಿಸಿದೆ.

ನಮ್ಮ ಕನ್ನಡದಲ್ಲಿ ಮಾತು ಕೇಳುವುದೆಂದರೆ ಕಿವಿಯಿಂದ ಕೇಳುವುದೂ ಹೌದು, ಹೇಳಿದಂತೆ ಮಾಡುವುದೂ ಹೌದು. ‘ಆ ಮಗು ಮಾತು ಕೇಳುವುದಿಲ್ಲ’ ಎಂದರೆ ಅದಕ್ಕೆ ಕಿವುಡೆಂದು ಯಾರೂ ತಿಳಿಯುವುದಿಲ್ಲ. ಇಬ್ರಿಯ ಭಾಷೆಯ ‘ಶಾಮಾ’ ಎಂಬ ಪದವೂ ಎರಡೂ ಅರ್ಥಗಳನ್ನು ಹೊತ್ತಿದೆ, ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ವಿಧೇಯತೆಗಿರುವ ಪದವು ಕೂಡ ಕೇಳು ಎಂಬ ಧಾತುವಿನಿಂದಲೇ ಬಂದದ್ದು. ನಾನು ದಿನಕ್ಕೆ ಒಂದೂವರೆ ಗಂಟೆ ಮೊದಲನೆಯ ಅರ್ಥದಲ್ಲಿ ಕೇಳುತ್ತಿದ್ದೆ. ಒಳಗೆ ಒಣಗುತ್ತಿದ್ದುದಕ್ಕೆ ಕಾರಣ ಪ್ರಾರ್ಥನೆಯ ಕೊರತೆಯಾಗಿರಲಿಲ್ಲ. ತಾನು ಮೌನವಾಗಿದ್ದಾಗ ತನ್ನ ಎಲುಬುಗಳು ಸವೆದುಹೋದವು, ದೇವರ ಕೈ ಹಗಲಿರುಳು ತನ್ನ ಮೇಲೆ ಭಾರವಾಗಿತ್ತು ಎಂದು 32ನೆಯ ಕೀರ್ತನೆಯು ಹೇಳುವ ಸ್ಥಿತಿಯಲ್ಲಿ ನಾನಿದ್ದೆ, ಅದಕ್ಕೆ ಆತ್ಮಿಕ ಬರಗಾಲವೆಂಬ ಹೆಸರಿಟ್ಟುಕೊಂಡು ಇನ್ನಷ್ಟು ಉಪವಾಸ ಮಾಡುತ್ತಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಂಬಿಕೆಯನ್ನು ಮೊದಲು ಕೂಡಿಟ್ಟುಕೊಂಡು, ಅದು ಸಾಕಷ್ಟಾದ ಮೇಲೆ ವಿಧೇಯತೆಗೆ ಖರ್ಚು ಮಾಡುವುದೆಂಬುದು ಸುವಾರ್ತೆಯಲ್ಲಿಲ್ಲ. ಲೂಕನ 17ನೆಯ ಅಧ್ಯಾಯವನ್ನು ಮತ್ತೆ ಓದಿ. ನಮ್ಮ ನಂಬಿಕೆಯನ್ನು ಹೆಚ್ಚಿಸು ಎಂದು ಅಪೊಸ್ತಲರು ಕೇಳುವುದನ್ನು ನಾವು ಬಿಡಿಯಾಗಿ ಎತ್ತಿಕೊಂಡು ಪ್ರಾರ್ಥನೆ ಮಾಡಿಕೊಳ್ಳುತ್ತೇವೆ. ಅವರು ಅದನ್ನು ಕೇಳಿದ್ದು ಯಾವಾಗ? ತಪ್ಪು ಮಾಡಿದ ಸಹೋದರನು ದಿನಕ್ಕೆ ಏಳು ಸಾರಿ ತಿರುಗಿ ಬಂದರೂ ಅವನನ್ನು ಕ್ಷಮಿಸು ಎಂಬ ಆಜ್ಞೆ ಕಿವಿಗೆ ಬಿದ್ದ ಕೂಡಲೇ. ಕಷ್ಟದ ಆಜ್ಞೆ ಬಂತು, ಅವರು ನಂಬಿಕೆ ಸಾಲದೆಂದರು. ಯೇಸು ಅವರಿಗೆ ಕೊಟ್ಟ ಉತ್ತರವೆಂದರೆ, ಸಾಸಿವೆ ಕಾಳಿನಷ್ಟಿದ್ದರೂ ಸಾಕು ಎಂಬುದು. ಅದರ ಬೆನ್ನಿಗೇ, ಹೇಳಿದ ಕೆಲಸವನ್ನು ಮಾಡಿ ಮುಗಿಸುವ ಆಳಿನ ಸಾಮ್ಯ. ಅದೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸು ಹೇಳಿದಂತೆ ಯಾಜಕರ ಬಳಿಗೆ ಹೋಗುತ್ತಿರುವಾಗ ಶುದ್ಧರಾದರು, ಹೊರಡುವ ಮೊದಲಲ್ಲ. ಇಸ್ರಾಯೇಲ್ಯರು ದಾಟಬೇಕಾಗಿದ್ದ ಯೊರ್ದನ್ ಹೊಳೆಯೂ ಹಾಗೆಯೇ. ಸುಗ್ಗಿಯ ಕಾಲದಲ್ಲಿ ದಡ ಮೀರಿ ಹರಿಯುತ್ತಿದ್ದ ಆ ನೀರು ನಿಂತದ್ದು ದೇವರ ಒಡಂಬಡಿಕೆಯ ಮಂಜೂಷವನ್ನು ಹೊತ್ತ ಯಾಜಕರ ಕಾಲು ಅದರಲ್ಲಿ ಮುಳುಗಿದ ಮೇಲೆ.

ದೃಢತೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ದೃಢವಾಗಿ ನಿಲ್ಲುವುದೆಂದರೆ ಹಿಂಸೆಯ ಕಾಲದಲ್ಲಿ ಕ್ರಿಸ್ತನನ್ನು ನಿರಾಕರಿಸದಿರುವುದು ಎಂದು ನಾನು ತಿಳಿದಿದ್ದೆ, ಅಂಥ ಪರೀಕ್ಷೆ ನನಗೆ ಬಂದಿರಲಿಲ್ಲವಾದ್ದರಿಂದ ನಿಶ್ಚಿಂತೆಯಿಂದಿದ್ದೆ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೆಸಿಯಸ್ಸನ ಆಜ್ಞೆಯಂತೆ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕಾಗಿತ್ತು. ಅಂಥ 40ಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಕ್ರೈಸ್ತರಲ್ಲಿ ಕೆಲವರು ಬಲಿ ಅರ್ಪಿಸಿದರು, ಕೆಲವರು ಸೆರೆಗೂ ಮರಣಕ್ಕೂ ಹೋದರು. ಇನ್ನು ಕೆಲವರು ಬಲಿಯನ್ನೂ ಅರ್ಪಿಸದೆ, ಹಣ ಕೊಟ್ಟು ಪತ್ರವನ್ನು ಮಾತ್ರ ಪಡೆದುಕೊಂಡು, ತಾವು ವಿಗ್ರಹಕ್ಕೆ ಕೈಮುಗಿದಿಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡರು. ಕಾರ್ಥೇಜಿನ ಬಿಷಪ್ ಸಿಪ್ರಿಯಾನನು ಅವರೂ ನಂಬಿಕೆಯಿಂದ ಬಿದ್ದವರೇ ಎಂದನು, ಆದರೆ ಪಶ್ಚಾತ್ತಾಪಪಟ್ಟವರಿಗೆ ಸಭೆಯ ಬಾಗಿಲನ್ನು ಮುಚ್ಚಿಬಿಡಬೇಕೆಂದವರ ಮಾತಿಗೂ ಅವನು ಒಪ್ಪಲಿಲ್ಲ. ಇದನ್ನು ಓದಿದ ದಿನ ನನಗೆ ನನ್ನ ಲಕೋಟೆಗಳು ನೆನಪಾದವು. ಬಲಿ ಅರ್ಪಿಸದೆ ಪತ್ರ ಪಡೆದವರೂ, ಒಪ್ಪಿಕೊಳ್ಳದೆ ಹಣ ಹಿಂದಿರುಗಿಸಿದ ನಾನೂ, ಪಾಪವನ್ನೂ ಸಾಕ್ಷಿಯನ್ನೂ ಒಟ್ಟಿಗೆ ತಪ್ಪಿಸಿಕೊಳ್ಳುವ ಒಂದು ಸಂದನ್ನು ಹುಡುಕಿದ್ದೆವು. ಇಬ್ರಿಯರಿಗೆ ಬರೆದ ಪತ್ರಿಕೆಯಲ್ಲಿ ಸ್ಥಿರಚಿತ್ತವೆಂದು ಅನುವಾದವಾಗಿರುವ ಗ್ರೀಕ್ ಪದದ ಮೂಲಾರ್ಥವು ಕೆಳಗೆ ಉಳಿಯುವುದು ಎಂದು, ಅಂದರೆ ಭಾರ ಬಿದ್ದಾಗ ಪಕ್ಕಕ್ಕೆ ಸರಿಯದೆ ಅದರಡಿಯಲ್ಲೇ ನಿಲ್ಲುವುದು. ನಾನು ಪಕ್ಕಕ್ಕೆ ಸರಿದಿದ್ದೆ, ಭಾರವು ಆ ಯುವಕನ ಮೇಲೆ ಬಿದ್ದಿತ್ತು.

ಸತ್ಯವೇದವನ್ನು ಮೂರನೆಯ ಬಾರಿ ಓದುತ್ತಿದ್ದಾಗ ಅರಣ್ಯಕಾಂಡದ 5ನೆಯ ಅಧ್ಯಾಯಕ್ಕೆ ಬಂದೆ. ಮತ್ತೊಬ್ಬರಿಗೆ ಅನ್ಯಾಯ ಮಾಡಿದವನು ತನ್ನ ಪಾಪವನ್ನು ಅರಿಕೆಮಾಡಬೇಕು, ಪೂರ್ತಿಯಾಗಿ ಹಿಂದಕ್ಕೆ ಕೊಡಬೇಕು, ಅದಕ್ಕೆ ಐದನೆಯ ಒಂದು ಪಾಲನ್ನು ಕೂಡಿಸಬೇಕು ಎಂದು ಅಲ್ಲಿದೆ. ಪಕ್ಕದಲ್ಲಿ ಹಿಂದಿನ ಎರಡು ವರ್ಷಗಳ ನನ್ನದೇ ಎರಡು ಗುರುತುಗಳಿದ್ದವು. ಅರಿಕೆ ಮೊದಲು, ಹಣ ಆಮೇಲೆ. ನಾನು ಎರಡನೆಯದನ್ನು ಮಾಡಿ ಮೊದಲನೆಯದನ್ನು ಬಿಟ್ಟಿದ್ದೆ. ಆ ದಿನ ನನಗೆ ಹೆಚ್ಚಿನ ನಂಬಿಕೆಯೇನೂ ಬರಲಿಲ್ಲ, ಭಯವೂ ಹೋಗಲಿಲ್ಲ. ಕೈ ನಡುಗುತ್ತಲೇ ಸಭಾಪಾಲಕರಿಗೆ ಫೋನ್ ಮಾಡಿ ಸಂಜೆ ಬರುತ್ತೇನೆಂದು ಹೇಳಿದೆ. ಹೇಳಿದ ಮೇಲೆ ಹೋಗದೆ ಇರಲು ಆಗುವುದಿಲ್ಲವೆಂದೇ ಮೊದಲು ಫೋನ್ ಮಾಡಿದ್ದು. ನೀವು ಕೇಳಿದ ಉಪಾಯಗಳಲ್ಲಿ ನಾನು ಕೊಡಬಲ್ಲದ್ದು ಇದೊಂದೇ.

ನಿಮ್ಮ ವಿಷಯವೇನೆಂದು ನೀವು ಬರೆದಿಲ್ಲ, ಬರೆಯಬೇಕಾಗಿಯೂ ಇಲ್ಲ. ಆದರೆ ಅದು ದೇವರ ವಾಕ್ಯದಿಂದ ನಿಮ್ಮ ಮನಸ್ಸಾಕ್ಷಿಗೆ ಬಂದದ್ದಾಗಿರದೆ, ಯಾವನೋ ನಾಯಕನು ವಿಧೇಯತೆಯ ಹೆಸರಿನಲ್ಲಿ ನಿಮ್ಮಿಂದ ಕೇಳುತ್ತಿರುವ ಹಣವೋ ಮೌನವೋ, ಅಥವಾ ಹೊಡೆತವನ್ನು ಸಹಿಸಿಕೊಂಡಿರು ಎಂಬ ಮಾತೋ ಆಗಿದ್ದರೆ, ನಾನು ಬರೆದದ್ದು ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕು ಎಂದು ಪೇತ್ರನೂ ಅಪೊಸ್ತಲರೂ ಹೇಳಿದ್ದು ಧಾರ್ಮಿಕ ಅಧಿಕಾರಿಗಳ ಎದುರಿನಲ್ಲಿಯೇ. ಹಾಗಿದ್ದರೆ ನೀವು ಮಾಡಬೇಕಾದದ್ದು ಅಲ್ಲಿಂದ ಹೊರಬರುವುದು.

ಸಭಾಪಾಲಕರು ಪೂರ್ತಿ ಕೇಳಿದರು. ಹಿರಿಯರ ಮುಂದೆಯೂ, ಅವರ ತೀರ್ಮಾನದಂತೆ ಸಭೆಯ ಮುಂದೆಯೂ ಹೇಳಿದೆ. ಖಜಾಂಚಿಯ ಕೆಲಸ ಹೋಯಿತು, ಬೋಧನೆ ನಿಂತಿತು, ಎರಡೂ ನ್ಯಾಯವೇ. ಅದಕ್ಕಿಂತ ಮೊದಲು, ಮೊದಲನೆಯ ಸಂಜೆಯೇ, ಆ ಯುವಕನ ಮನೆಗೆ ಹೋದೆ. ಅವನು ಬಾಗಿಲಲ್ಲಿ ನಿಂತೇ ಕೇಳಿದನು. ಆಮೇಲೆ, ‘ನನಗೆ ಮೊದಲಿನಿಂದಲೂ ಗೊತ್ತಿತ್ತು’ ಎಂದನು. ‘ನಾನು ತೆಗೆದಿರಲಿಲ್ಲ, ಉಳಿದವರು ನೀವೊಬ್ಬರೇ. ನೀವೇ ಹೇಳುತ್ತೀರೆಂದು ಎರಡು ತಿಂಗಳು ಹಿಂದಿನ ಸಾಲಿನಲ್ಲಿ ಕೂತು ಕಾದೆ.’

ಆ ಎರಡು ತಿಂಗಳಲ್ಲಿ ನಾನು ಯಾವ ದಿನವಾದರೂ ಎದ್ದು ನಿಂತು ಹೇಳಿದ್ದರೆ ಅವನು ಇಂದಿಗೂ ನಮ್ಮ ನಡುವೆ ಇರುತ್ತಿದ್ದನು. ಅದೇ ಎರಡು ತಿಂಗಳಲ್ಲಿ ನಾನು ನಂಬಿಕೆ ಬಲವಾಗಲೆಂದು ಉಪವಾಸವಿದ್ದೆ. ಈಗ ಅವನು ಯಾವ ಸಭೆಗೂ ಹೋಗುವುದಿಲ್ಲ. ಅವನಿಗಾಗಿ ದಿನವೂ ಪ್ರಾರ್ಥಿಸುತ್ತೇನೆ, ಆದರೆ ಅವನು ಹಿಂದಿರುಗಬೇಕೆಂದು ಅವನನ್ನು ಒತ್ತಾಯಿಸುವ ಹಕ್ಕು ನನಗಿಲ್ಲವೆಂದು ನನಗೆ ಗೊತ್ತಿದೆ. ಐದನೆಯ ಪಾಲನ್ನು ಸಭೆಗೆ ಕಟ್ಟಿದೆ. ಅವನಿಗೂ ಏನಾದರೂ ಕೊಡಲು ಹೋದಾಗ ಅವನು ಹಣವನ್ನು ಮುಟ್ಟಲಿಲ್ಲ. ಒಂದನ್ನು ಮಾತ್ರ ಕೇಳಿದನು: ಹಿರಿಯರ ಸಭೆಯ ನಡಾವಳಿ ಪುಸ್ತಕದಲ್ಲಿ ಹಣ ಕಳೆದ ವಿಷಯ ದಾಖಲಾಗಿದೆಯಲ್ಲ, ಅದೇ ಪುಸ್ತಕದಲ್ಲಿ ತೆಗೆದವರು ಯಾರೆಂಬುದೂ ತಾನು ತೆಗೆದಿಲ್ಲವೆಂಬುದೂ ಬರೆದಿರಬೇಕು. ಹಿರಿಯರು ಒಪ್ಪಿದರು. ಅದನ್ನು ನನ್ನ ಕೈಯಿಂದಲೇ ಬರೆದು, ಸಹಿ ಹಾಕಿ, ಆ ಪುಟದ ಪ್ರತಿಯನ್ನು ಅವನ ಮನೆಗೆ ತಲುಪಿಸಿ ಬಂದೆ.