ಹಳೆಯ ಬ್ರಿಟಿಷ್ ಬೇಟೆ ರೈಫಲ್‌ ಮೇಲೆ ಕೆತ್ತಿದ ಹೆಸರು ತಯಾರಕರದ್ದೇ?
ಯಾವಾಗಲೂ ಅಲ್ಲ. ಲಂಡನ್ ವಿಳಾಸವಿದ್ದರೂ ನಳಿಕೆ, ಆಕ್ಷನ್ (ತೋಟಾ ಹಿಡಿದು ಹಾರಿಸುವ ಯಂತ್ರಭಾಗ) ಎಷ್ಟೋ ಸಲ ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಿದ್ದವು. ಅಲ್ಲಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿ ಬೇರೆಯವರ ಹೆಸರಿಗೂ ಮಾಡಿಕೊಡುತ್ತಿತ್ತು. ಲಂಡನ್‌ನ ರಿಗ್ಬಿ ಕಂಪನಿಯ 1911ರ .416 ರೈಫಲನ್ನು ಕಟ್ಟಿದ್ದು ಜರ್ಮನಿಯ ಓಬರ್ನ್‌ಡಾರ್ಫ್‌ನ ಮ್ಯಾಗ್ನಮ್ ಮೌಸರ್ ಆಕ್ಷನ್ ಮೇಲೆ.

ಖಾಲಿ ರೈಫಲ್‌ನ ಮರ ಬಿಚ್ಚಿ ನಳಿಕೆಯ ತಳ ನೋಡಿ. ಕಿರೀಟದಡಿ ‘ಬಿವಿ’, ‘ಬಿಪಿ’ ಅಕ್ಷರಗಳಿದ್ದರೆ ಅದು 1904ರಿಂದೀಚೆಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಪ್ರೂಫ್ (ಹೆಚ್ಚು ಬಲದ ತೋಟಾ ಹಾರಿಸಿ ಮಾಡುವ ಗಟ್ಟಿತನದ ಪರೀಕ್ಷೆ) ಆದದ್ದು. ಪಕ್ಕದ ಪುಟ್ಟ ಇನಿಷಿಯಲ್ ಹೆಚ್ಚಾಗಿ ಕೆಲಸಗಾರನದ್ದು, ಅದನ್ನು ಉಜ್ಜಿ ಅಳಿಸಬೇಡಿ.

ಜೋಡಿನಳಿಕೆ ರೈಫಲ್‌ನಲ್ಲಿ ನಿಜವಾದ ಕೈಚಳಕ ರೆಗ್ಯುಲೇಟರ್‌ನದ್ದು, ಅಂದರೆ ಎರಡೂ ನಳಿಕೆಯ ಗುಂಡು ಒಂದೆಡೆ ಬೀಳುವಂತೆ ಹೊಂದಿಸುವ ಕೆಲಸಗಾರನದ್ದು. ಗುಂಡು ಹಾರಿಸಿ ನೋಡಿ, ಬೆಸುಗೆ ಕರಗಿಸಿ, ಮೂತಿಯಲ್ಲಿ ನಳಿಕೆಗಳ ನಡುವಿನ ಬೆಣೆ ಕೂದಲೆಳೆಯಷ್ಟು ಸರಿಸಿ, ಮತ್ತೆ ಹಾರಿಸುತ್ತಾನೆ. ಇದು ಒಂದೇ ತೂಕದ ಗುಂಡು, ಒಂದೇ ಮದ್ದಿಗೆ ಹೊಂದಿಸಿದ್ದು. ತೋಟಾ ಬದಲಾದರೆ ಎರಡು ನಳಿಕೆಯ ಗುಂಡುಗಳೂ ಒಂದೆಡೆ ಬೀಳುವುದಿಲ್ಲ.