ಫೆಬ್ರವರಿಯಲ್ಲಿ ಕಾಸರಕೋಡಲ್ಲಿ ಕಡಲಾಮೆ ನೋಡಬಹುದಾ?

ಮಕ್ಕಳ ಜೊತೆ ಫೆಬ್ರವರಿಯಲ್ಲಿ ಹೊನ್ನಾವರದ ಕಾಸರಕೋಡಿಗೆ ಹೋಗಿ, ರಾತ್ರಿ ಟಾರ್ಚ್ ಹಿಡಿದು ಕಡಲಾಮೆ ಹುಡುಕಬಹುದಾ ಅಂತ ಕೇಳಿದ್ದೀರಿ. ಹೋಗಿ, ಆದರೆ ಟಾರ್ಚ್ ಬೇಡವೇ ಬೇಡ. ಅದು ಮೊಟ್ಟೆ ಇಡುವ ಕಾಲ. ಆಲಿವ್ ರಿಡ್ಲಿ ಆಮೆ ಕತ್ತಲಲ್ಲಿ ದಡಕ್ಕೆ ಬಂದು, ಹಿಂಗಾಲಿನಿಂದ ಹೂಜಿಯ ಆಕಾರದ ಗುಂಡಿ ತೋಡಿ, ನೂರರಷ್ಟು ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗುತ್ತದೆ. ಬೆಳಕೋ ಗಲಾಟೆಯೋ ಕಂಡರೆ ಎಷ್ಟೋ ಸಲ ಮೊಟ್ಟೆ ಇಡದೆಯೇ ವಾಪಸ್, ಪಾಪ. ಸುಮಾರು 50 ದಿನಕ್ಕೆ ಹೊರಬರುವ ಮರಿಗಳು ಬೆಳಕಿದ್ದ ಕಡೆಗೇ ಓಡುತ್ತವೆ, ಸಮುದ್ರ ಬಿಟ್ಟು ರೆಸಾರ್ಟಿನ ದೀಪದ ಕಡೆ ಹೋದರೆ ಏಡಿ, ಕಾಗೆ, ನಾಯಿಗಳ ಪಾಲು. ರೂಮಿನ ಕಡಲ ಕಡೆಯ ದೀಪ ಆರಿಸಿ. ಮುಂಜಾನೆ ಬೇಗ ನಡೆದರೆ ಮರಳಿನಲ್ಲಿ ಪುಟ್ಟ ಟ್ರ್ಯಾಕ್ಟರ್ ಹೋದಂಥ ಗುರುತು ಸಿಗಬಹುದು, ಮಕ್ಕಳಿಗೆ ಅದನ್ನು ತೋರಿಸಿ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.